ರೊಟ್ಟಿ ಕಚ್ಚಿ ತಂದ ನಾಯಿ

ಸಂತ ರೋಕರ ಹಬ್ಬದ ಪ್ರಬೋಧನೆ (ಆಗಸ್ಟ್ 16)
ವಾಚನಗಳು: ತೊಬೀತ, 6ನೆಯ ಅಧ್ಯಾಯ, ಲೂಕ 13:10–17



ನಿನ್ನೆ ನಾವು ಸ್ವರ್ಗಸ್ವೀಕೃತ ಮಾತೆ ಮರಿಯಮ್ಮನವರ ಮಹೋತ್ಸವವನ್ನೂ ನಾಡಿನ ಸ್ವಾತಂತ್ರ್ಯೋತ್ಸವವನ್ನೂ ಒಟ್ಟಿಗೆ ಆಚರಿಸಿದೆವು. ಬಲಿಪೂಜೆ ಮುಗಿಸಿ, ಧ್ವಜ ಹಾರಿಸಿ, ಮಕ್ಕಳಿಗೆ ಸಿಹಿ ಹಂಚಿ ಮನೆಗೆ ಹೋದೆವು. ಆ ದೊಡ್ಡ ಹಬ್ಬದ ಸದ್ದು ಅಡಗುವ ಮೊದಲೇ, ಮರುದಿನ ಬೆಳಿಗ್ಗೆ, ಸಂತರೊಬ್ಬರು ಯಾರಿಗೂ ಹೇಳದೆ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಕೈಯಲ್ಲಿ ಯಾತ್ರಿಕನ ಕೋಲು, ತಲೆಯ ಮೇಲೆ ಟೋಪಿ. ನಿಲುವಂಗಿಯನ್ನು ಒಂದು ಕೈಯಿಂದ ಮೇಲೆತ್ತಿ ತೊಡೆಯ ಮೇಲಿನ ಹುಣ್ಣನ್ನು ತೋರಿಸುತ್ತಾರೆ. ಪಕ್ಕದಲ್ಲಿ ಒಂದು ನಾಯಿ, ಅದರ ಬಾಯಲ್ಲಿ ಒಂದು ರೊಟ್ಟಿ. ಇವರೇ ಸಂತ ರೋಕರು.

ಧರ್ಮೋಪದೇಶದ ತರಗತಿಯಲ್ಲಿ ಈ ಚಿತ್ರವನ್ನು ತೋರಿಸಿದಾಗ ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಫಾದರ್, ನಾಯಿಗೂ ಪೀಠದ ಮೇಲೆ ಜಾಗ ಇದೆಯಾ?" ಮಕ್ಕಳೆಲ್ಲ ನಕ್ಕರು. ಆದರೆ ಅದು ನಗುವ ಪ್ರಶ್ನೆಯಲ್ಲ. ಇಂದಿನ ಪ್ರಬೋಧನೆ ಆ ಹುಡುಗನ ಪ್ರಶ್ನೆಗೆ ನಾವು ಹುಡುಕಿಕೊಂಡ ಉತ್ತರ.

ಸಂತ ರೋಕರ ಜೀವನದ ಬಗ್ಗೆ ನಮಗೆ ಬಂದಿರುವುದರಲ್ಲಿ ಹೆಚ್ಚಿನದು ಪರಂಪರೆಯ ಮಾತು. ಫ್ರಾನ್ಸ್ ದೇಶದ ಮೊಂಪೆಲಿಯೆ ಪಟ್ಟಣದ ಅನುಕೂಲಸ್ಥ ಮನೆತನದಲ್ಲಿ ಹುಟ್ಟಿದವರು. ತಂದೆತಾಯಿ ತೀರಿಕೊಂಡ ಮೇಲೆ ಆಸ್ತಿಯನ್ನು ಬಡವರಿಗೆ ಹಂಚಿ ರೋಮಿಗೆ ಯಾತ್ರೆ ಹೊರಟರು. ದಾರಿಯುದ್ದಕ್ಕೂ ಪ್ಲೇಗ್. ಯೂರೋಪಿನ ಊರೂರುಗಳನ್ನು ಬರಿದು ಮಾಡಿದ 14ನೆಯ ಶತಮಾನದ ಮಹಾಮಾರಿ ಅದು. ಜನ ರೋಗಿಗಳನ್ನು ಬಿಟ್ಟು ಓಡುತ್ತಿದ್ದಾಗ ಈ ಯುವಕ ಆಕ್ವಪೆಂದೆಂತೆ ಎಂಬ ಊರಿನಲ್ಲಿ ಅವರ ನಡುವೆಯೇ ನಿಂತು ಸೇವೆ ಮಾಡಿದರು. ಕೊನೆಗೆ ಪಿಯಾಚೆಂಜಾ ಎಂಬಲ್ಲಿ ಅವರಿಗೇ ರೋಗ ತಗುಲಿತು. ಯಾರಿಗೂ ಹೊರೆಯಾಗಬಾರದೆಂದು ಕಾಡಿಗೆ ಹೋಗಿ ಮಲಗಿದರು. ಅಲ್ಲಿಗೆ ದಿನವೂ ಬಂದದ್ದು ಒಂದು ನಾಯಿ. ಯಜಮಾನನ ಊಟದ ಮೇಜಿನಿಂದ ರೊಟ್ಟಿ ಕಚ್ಚಿ ತಂದು ಅವರ ಮುಂದಿಟ್ಟು, ಹುಣ್ಣನ್ನು ನೆಕ್ಕಿ ಹೋಗುತ್ತಿತ್ತು. ಈ ರೊಟ್ಟಿ ಎಲ್ಲಿಗೆ ಹೋಗುತ್ತದೆ ಎಂದು ಒಂದು ದಿನ ಆ ಯಜಮಾನ ನಾಯಿಯ ಹಿಂದೆಯೇ ಹೋದ. ರೋಕರನ್ನು ಕಂಡ, ಮನೆಗೆ ಕರೆತಂದು ಆರೈಕೆ ಮಾಡಿದ.

ಗಮನಿಸಿ, ಪ್ರಿಯರೇ. ನಾಯಿ ರೊಟ್ಟಿಯನ್ನಷ್ಟೇ ತರಲಿಲ್ಲ, ಒಬ್ಬ ಮನುಷ್ಯನನ್ನು ಇನ್ನೊಬ್ಬ ಮನುಷ್ಯನ ಬಳಿಗೆ ಕರೆತಂದಿತು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಅದಕ್ಕೇ ಬರುತ್ತೇವೆ.

ನಮ್ಮ ಮೈಸೂರಿಗೆ ಪ್ಲೇಗ್ ಹೊಸ ಮಾತಲ್ಲ. 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಅದು ಈ ನಗರವನ್ನೂ ಹೊಕ್ಕಿತು. ಜನ ಮನೆಮಠ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಂಡ ಕಥೆಯನ್ನು ನಮ್ಮ ಅಜ್ಜ ಅಜ್ಜಿಯರು ಅವರ ಹಿರಿಯರಿಂದ ಕೇಳಿದ್ದರು. ಆ ಪೆಟ್ಟಿನ ನಂತರ, 1903ರಲ್ಲಿ, ಮೈಸೂರಿಗೆ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಬಂದಿತು. ಗಾಳಿ ಬೆಳಕು ಆಡುವ ಅಗಲ ಬೀದಿಗಳೂ ಹೊಸ ಬಡಾವಣೆಗಳೂ ಎದ್ದವು. 2020ರಲ್ಲಿ ಕೊರೊನಾ ಬಂದಾಗ ಅದೇ ಭಯ ಮತ್ತೆ ನಮ್ಮ ಬಾಗಿಲಿಗೆ ಬಂದಿತು. ರೋಗಿಯ ಬಳಿ ನಿಲ್ಲುವವನು ಯಾರು ಎಂಬ ಪ್ರಶ್ನೆ ಪ್ರತಿ ತಲೆಮಾರಿಗೂ ಹೊಸದಾಗಿ ಬರುತ್ತದೆ. ಆದ್ದರಿಂದಲೇ ಸಂತ ರೋಕರು ಹಳಬರಾಗುವುದಿಲ್ಲ.

ಈಗ ನಮ್ಮ ಗುರುನಿವಾಸದ ಒಂದು ಸಂಗತಿಯನ್ನು ಹೇಳಬೇಕು. ನಿಮ್ಮಲ್ಲಿ ಹಲವರಿಗೆ ಅರ್ಧ ಗೊತ್ತಿದೆ, ಉಳಿದರ್ಧವನ್ನು ಇಂದು ಕೇಳಿ.

ನಮ್ಮ ಜಿಮ್ಮಿಯನ್ನು ನೀವೆಲ್ಲ ಬಲ್ಲಿರಿ. ವಿದೇಶಕ್ಕೆ ಹೋದ ಒಂದು ಕುಟುಂಬ ನಮ್ಮ ಬಳಿ ಬಿಟ್ಟುಹೋದ ಡ್ಯಾಶ್‌ಹಂಡ್ ನಾಯಿ. ಮೈ ಉದ್ದ, ಕಾಲು ಗಿಡ್ಡ. ಬೆಳಗಿನ ಪೂಜೆಗೆ ಗಂಟೆ ಹೊಡೆದರೆ ನಮಗಿಂತ ಮೊದಲು ದೇವಾಲಯದ ಮೆಟ್ಟಿಲ ಬಳಿ ಇರುತ್ತದೆ. ಹಿಂದಿನ ವರ್ಷ ಜುಲೈ ತಿಂಗಳ ಒಂದು ಮಳೆಯ ಬೆಳಿಗ್ಗೆ ಅದು ಜಗುಲಿಯಿಂದ ಹಾರಿತು, ಒಮ್ಮೆ ಕಿರುಚಿತು, ಅಷ್ಟೆ. ಸಂಜೆಯ ಹೊತ್ತಿಗೆ ಎರಡು ಹಿಂಗಾಲುಗಳನ್ನು ಬಟ್ಟೆ ಎಳೆದಂತೆ ಎಳೆದುಕೊಂಡು ಮುಂಗಾಲಿನ ಮೇಲೆ ತೆವಳುತ್ತಿತ್ತು.

ನಾವು ಮಾಡಿದ ಮೊದಲ ಕೆಲಸವೇ ತಪ್ಪು. ನಮ್ಮಲ್ಲೊಬ್ಬರ ಬೆನ್ನುನೋವಿಗೆಂದು ಇದ್ದ ಮಾತ್ರೆಯನ್ನು ಅರ್ಧ ಮಾಡಿ ಹಾಲಿನಲ್ಲಿ ಕೊಟ್ಟೆವು. ಪ್ರೀತಿಯಿಂದಲೇ ಕೊಟ್ಟೆವು, ತಿಳಿಯದೆ ಕೊಟ್ಟೆವು. ಮರುದಿನ ಪಶುವೈದ್ಯರು ಅದನ್ನು ಕೇಳಿ ತಲೆಯ ಮೇಲೆ ಕೈಯಿಟ್ಟುಕೊಂಡರು. ಮನುಷ್ಯರ ನೋವಿನ ಮಾತ್ರೆಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಬಲ್ಲವು, ಮೂತ್ರಪಿಂಡಗಳನ್ನು ಕೆಡಿಸಬಲ್ಲವು, ಜೀವವನ್ನೇ ತೆಗೆಯಬಲ್ಲವು. ಮೇಲಾಗಿ ಅಂಥ ಮಾತ್ರೆಯ ಜೊತೆಗೆ ಸ್ಟೀರಾಯ್ಡ್ ಔಷಧ ಸೇರಿದರೆ ಅಪಾಯ ಇನ್ನೂ ಹೆಚ್ಚು. ಆದ್ದರಿಂದ ಏನು ಕೊಟ್ಟಿದ್ದೇವೆಂದು ಮುಚ್ಚಿಡದೆ ಹೇಳಿದ್ದು ಒಂದೇ ನಾವು ಮಾಡಿದ ಒಳ್ಳೆಯ ಕೆಲಸ. ಮನೆಯಲ್ಲಿ ನಾಯಿ ಸಾಕಿರುವವರು ಇದನ್ನು ದಯಮಾಡಿ ನೆನಪಿಡಿ.

ವೈದ್ಯರು ವಿವರಿಸಿದ್ದು ಇಷ್ಟು. ಬೆನ್ನುಮೂಳೆ ಎಂದರೆ ಮಣಿಗಳನ್ನು ಪೋಣಿಸಿದ ಸರ. ಒಂದೊಂದು ಮಣಿಯ ನಡುವೆ ಒಂದೊಂದು ಮೆತ್ತೆ. ಅದನ್ನೇ ಡಿಸ್ಕ್ ಎನ್ನುತ್ತೇವೆ. ಹೊರಗೆ ಗಟ್ಟಿ ಬಳೆ, ಒಳಗೆ ಲೋಳೆಯಂಥ ತಿರುಳು. ಈ ತಳಿಯ ನಾಯಿಗಳಲ್ಲಿ ಆ ತಿರುಳು ಎಳೆಯ ವಯಸ್ಸಿನಲ್ಲೇ ಒಣಗಿ ಸುಣ್ಣದಂತೆ ಗಟ್ಟಿಯಾಗುತ್ತದೆ. ಒಂದು ದಿನ ಬಳೆ ಹರಿದು ಅದು ಮೇಲಕ್ಕೆ ಚಿಮ್ಮಿ ಬೆನ್ನುಹುರಿಯನ್ನು ಒತ್ತುತ್ತದೆ. ಹೆಚ್ಚಾಗಿ ಇದು ಆಗುವುದು ನಡು ಬೆನ್ನಿನಲ್ಲಿ, ಪಕ್ಕೆಲುಬುಗಳು ಮುಗಿಯುವ ಜಾಗದಲ್ಲಿ. ಹಾರಿದ್ದು ನೆಪ ಮಾತ್ರ, ರೋಗ ಒಳಗೆ ಮೊದಲೇ ಇತ್ತು. ಡ್ಯಾಶ್‌ಹಂಡ್‌ಗಳಲ್ಲಿ ನಾಲ್ಕೈದರಲ್ಲಿ ಒಂದಕ್ಕೆ ಜೀವಮಾನದಲ್ಲಿ ಒಮ್ಮೆಯಾದರೂ ಈ ತೊಂದರೆ ಬರುತ್ತದಂತೆ.

ಏಕೆ ಹೀಗೆ? ಇದರಲ್ಲಿ ನಮ್ಮ ಪಾಲೂ ಇದೆ. ಬಿಲದಲ್ಲಿ ಅಡಗುವ ಬ್ಯಾಜರ್ ಎಂಬ ಪ್ರಾಣಿಯನ್ನು ಬೇಟೆಯಾಡಲು ಜರ್ಮನಿಯ ಜನ ಗಿಡ್ಡ ಕಾಲಿನ ನಾಯಿಗಳನ್ನೇ ಆರಿಸಿ ಆರಿಸಿ ಬೆಳೆಸಿದರು. ಕಾಲನ್ನು ಗಿಡ್ಡ ಮಾಡುವ ವಂಶವಾಹಿಯ ಜೊತೆಯಲ್ಲೇ ಮೆತ್ತೆಯನ್ನು ಬೇಗ ಒಣಗಿಸುವ ಗುಣವೂ ಬಂದಿತು. 2017ರಲ್ಲಿ ವಿಜ್ಞಾನಿಗಳು ಈ ನಂಟನ್ನು ಗುರುತಿಸಿದರು. ಉದ್ದ ಕಾಲಿನ ನಮ್ಮ ಮುಧೋಳ ನಾಯಿಯಲ್ಲಿ ಈ ಬಾಧೆ ಇಷ್ಟಾಗಿ ಕಾಣುವುದಿಲ್ಲ. ಮನುಷ್ಯ ತನ್ನ ಬೇಟೆಗಾಗಿ, ಆಮೇಲೆ ತನ್ನ ಕಣ್ಣಿನ ಅಂದಕ್ಕಾಗಿ ಒಂದು ಜೀವವನ್ನು ತಿದ್ದಿದ. ಅದರ ನೋವನ್ನು ಹೊತ್ತದ್ದು ಆ ಜೀವ. ಹಾಗಿರುವಾಗ ನೋವು ಬಂದ ದಿನ "ಇದು ಬರೀ ನಾಯಿ" ಎಂದು ಕೈ ತೊಳೆದುಕೊಳ್ಳುವ ಹಕ್ಕು ನಮಗಿದೆಯೇ?

ವೈದ್ಯರು ಒಂದು ಇಕ್ಕಳ ತೆಗೆದುಕೊಂಡು ಜಿಮ್ಮಿಯ ಹಿಂಗಾಲಿನ ಬೆರಳಿನ ಮೂಳೆಯನ್ನು ಗಟ್ಟಿಯಾಗಿ ಹಿಡಿದು ಒತ್ತಿದರು. ಅದು ಥಟ್ಟನೆ ತಿರುಗಿ ಕಚ್ಚಲು ಬಂದಿತು. ನಾವು ಗಾಬರಿಯಾದೆವು, ಅವರು ನಕ್ಕರು. "ಕಚ್ಚೋಕೆ ಬಂದ್ರೆ ಒಳ್ಳೇದು ಫಾದರ್. ನೋವು ಗೊತ್ತಾಗ್ತಿದೆ ಅಂದ್ರೆ ದಾರಿ ಇನ್ನೂ ಮುಚ್ಚಿಲ್ಲ." ಆಳದ ನೋವೂ ತಿಳಿಯದೆ ಹೋದರೆ ಒಂದೊಂದು ಗಂಟೆಯೂ ಅಮೂಲ್ಯ, ಶಸ್ತ್ರಚಿಕಿತ್ಸೆ ಮಾಡಿದರೂ ಅರ್ಧದಷ್ಟು ನಾಯಿಗಳು ಮಾತ್ರ ಮತ್ತೆ ನಡೆಯುತ್ತವೆ ಎಂದರು. ನೋವು ತಿಳಿಯುತ್ತಿರುವಾಗ ಶಸ್ತ್ರಚಿಕಿತ್ಸೆ ಮಾಡಿಸಿದರೆ ಹತ್ತರಲ್ಲಿ ಒಂಬತ್ತು ನಡೆಯುತ್ತವೆ. ಮಾಡಿಸಲಾಗದಿದ್ದರೆ ಪೂರ್ಣ ವಿಶ್ರಾಂತಿ, ಔಷಧ, ಆರೈಕೆ. ಅದರಲ್ಲೂ ಅನೇಕ ನಾಯಿಗಳು ಎದ್ದು ನಿಲ್ಲುತ್ತವೆ, ಆದರೆ ತಡವಾಗಿ, ಮತ್ತು ಭರವಸೆ ಅಷ್ಟಿಲ್ಲ.

ಪ್ರಿಯರೇ, ನೋವು ತಿಳಿಯುವುದೇ ಜೀವದ ಗುರುತು. ಇದು ನಾಯಿಯ ಕಾಲಿಗೆ ಮಾತ್ರವಲ್ಲ, ಧರ್ಮಕೇಂದ್ರಕ್ಕೂ ಅನ್ವಯಿಸುತ್ತದೆ. ಚುಚ್ಚಿದಾಗ ನೋಯುವ ಧರ್ಮಸಭೆಗೆ ದಾರಿ ಇನ್ನೂ ತೆರೆದಿದೆ.

ಬೆಂಗಳೂರಿಗೆ ಕೊಂಡೊಯ್ದು ಸ್ಕ್ಯಾನ್ ಮಾಡಿಸಿ ಶಸ್ತ್ರಚಿಕಿತ್ಸೆ ಮಾಡಿಸುವ ಖರ್ಚು ನಮ್ಮ ಕೈಗೆ ಮೀರಿದ್ದು. ಧರ್ಮಕೇಂದ್ರದ ಹಣವನ್ನು ಅದಕ್ಕೆ ಮುಟ್ಟುವ ಮಾತೇ ಇರಲಿಲ್ಲ. ನಮ್ಮ ಮಾಸಿಕ ಭತ್ಯೆಯಲ್ಲಿ ಆಗುವಷ್ಟು ಮಾಡೋಣವೆಂದು ವಿಶ್ರಾಂತಿಯ ದಾರಿ ಹಿಡಿದೆವು. ಹಿತ್ತಲಲ್ಲಿ ಖಾಲಿ ಬಿದ್ದಿದ್ದ ಕೋಳಿಗೂಡನ್ನು ತೊಳೆದು ಒಳಗೆ ಹಳೆಯ ಜಮಖಾನ ಹಾಸಿದೆವು. ಅದು ತಿರುಗಿ ಮಲಗುವಷ್ಟು ಜಾಗ, ಓಡಾಡುವಷ್ಟಲ್ಲ. ಆರು ವಾರ ಅದೇ ಅದರ ಮನೆ. ನೆರೆಹೊರೆಯವರು ಒಳ್ಳೆಯ ಮನಸ್ಸಿನಿಂದಲೇ "ಎಣ್ಣೆ ಹಚ್ಚಿ ನೀವಿಸಿ", "ಬೆನ್ನು ಎಳೆಸಿ" ಎಂದರು. ಬೇಡವೇ ಬೇಡ ಎಂದು ವೈದ್ಯರು ಕಟ್ಟಪ್ಪಣೆ ಮಾಡಿದ್ದರು. ಮೊದಲ ವಾರಗಳಲ್ಲಿ ಬೆನ್ನನ್ನು ಎಳೆದರೆ ಉಳಿದ ತಿರುಳೂ ಹೊರಗೆ ಬರಬಹುದು.

ಕಾಲಿನ ಜೊತೆಗೆ ಮೂತ್ರದ ಹಿಡಿತವೂ ಹೋಗಿತ್ತು. ದೇವಾಲಯದಲ್ಲಿ ಹೇಳುವ ಮಾತೇ ಇದು ಎನ್ನಬೇಡಿ, ಆರೈಕೆ ಎಂದರೆ ಹೆಚ್ಚಿನಂಶ ಇಂಥದ್ದೇ. ದಿನಕ್ಕೆ ನಾಲ್ಕು ಸಲ ಹೊಟ್ಟೆಯ ಕೆಳಭಾಗವನ್ನು ಎರಡೂ ಕೈಯಿಂದ ಮೆಲ್ಲಗೆ ಒತ್ತಿ ಮೂತ್ರ ಹೊರಡಿಸಬೇಕು. ಇಲ್ಲದಿದ್ದರೆ ಒಳಗೆ ಸೋಂಕಾಗುತ್ತದೆ. ವೈದ್ಯರು ನಮ್ಮ ಕೈ ಹಿಡಿದು ಕಲಿಸಿದರು. ಒಂದೇ ಮಗ್ಗುಲಲ್ಲಿ ಮಲಗಿದರೆ ಹುಣ್ಣಾಗುತ್ತದೆಂದು ಕೆಲವು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಒದ್ದೆಯಾದ ಹಾಸನ್ನು ಕೂಡಲೇ ತೆಗೆಯಬೇಕು. ವೈದ್ಯರು ಸರಿ ಎಂದ ಮೇಲೆ ಹಿಂಗಾಲುಗಳನ್ನು ಮಡಿಸಿ ಬಿಡಿಸುವ ವ್ಯಾಯಾಮ, ಹೊಟ್ಟೆಯ ಕೆಳಗೆ ಟರ್ಕಿ ಟವೆಲ್ ಹಾಕಿ ಎತ್ತಿ ಹಿಡಿದು ನಾಲ್ಕು ಹೆಜ್ಜೆ. ನುಣುಪು ನೆಲದ ಮೇಲೆ ಜಾರದಂತೆ ಗೋಣಿತಾಟು. ಕುತ್ತಿಗೆಯ ಪಟ್ಟಿ ತೆಗೆದು ಎದೆಗೆ ಕಟ್ಟುವ ಪಟ್ಟಿ. ಜಗುಲಿಗೆ ಒಂದು ಇಳಿಜಾರು ಹಲಗೆ.

ಇಷ್ಟನ್ನು ನಾವಿಬ್ಬರು ಗುರುಗಳು, ಅಡುಗೆಯವರು ಸೇರಿ ಮಾಡಲಾಗುತ್ತಿರಲಿಲ್ಲ. ಯುವಕ ಯುವತಿಯರು ಸರದಿ ಹಾಕಿಕೊಂಡರು. ಶಾಲೆ ಬಿಟ್ಟೊಡನೆ ಮಕ್ಕಳು ಬಂದರು. ಮನೆಮನೆಯಿಂದ ಹಳೆಯ ಬಟ್ಟೆ, ಬೇಯಿಸಿದ ಕೋಳಿ, ಅನ್ನ. ಗೂಡಿನ ಸುತ್ತ ಸಂಜೆ ಒಂದು ಸಣ್ಣ ಸಂತೆಯೇ ಸೇರುತ್ತಿತ್ತು. ಒಂಬತ್ತನೆಯ ದಿನ ಬಾಲ ಅಲ್ಲಾಡಿತು. ಮೂರನೆಯ ವಾರ ಎದ್ದು ನಿಂತು, ಎಣಿಸಿ ಮೂರು ಕ್ಷಣ, ಮತ್ತೆ ಕುಸಿಯಿತು. ಮಕ್ಕಳು ಚಪ್ಪಾಳೆ ತಟ್ಟಿದ ಸದ್ದು ರಸ್ತೆಗೆ ಕೇಳಿಸಿತು.

ಆ ಸಂಜೆಯೇ ಹಿಂದಿನ ಬೀದಿಯ ಒಬ್ಬ ತಾಯಿ ಗೇಟಿನ ಬಳಿ ನಿಂತಿದ್ದರು. ಅವರ ಅಪ್ಪಣೆ ಪಡೆದೇ ಈ ಮಾತನ್ನು ಹೇಳುತ್ತಿದ್ದೇವೆ, ಹೆಸರು ಬೇಡ. ಅವರ ಯಜಮಾನರು ಮರಗೆಲಸದವರು. ನೀವೀಗ ಕುಳಿತಿರುವ ಬೆಂಚುಗಳಲ್ಲಿ ಬಹುಪಾಲು ಅವರ ಕೈಯವು. ಕೆಲಸದ ಮೇಲಿದ್ದಾಗ ಮಾಳಿಗೆಯಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾಗಿ ಹಾಸಿಗೆ ಹಿಡಿದು ಆಗ ಎರಡು ವರ್ಷವಾಗಿತ್ತು. ಆ ತಾಯಿ ಕೋಪದಿಂದ ಮಾತಾಡಲಿಲ್ಲ, ಅಳಲೂ ಇಲ್ಲ. "ಸ್ವಾಮಿ, ಜಿಮ್ಮಿ ನಿಂತ್ಕೊಂತಂತೆ, ಸಂತೋಷ. ನಮ್ಮನೆಯವರನ್ನೂ ನಾನು ಹಿಂಗೇ ಮಗ್ಗುಲು ತಿರುಗಿಸ್ತೀನಿ. ಒಬ್ಬಳ ಕೈಲಿ ಆಗಲ್ಲ. ನೀವು ಮೊದಲ ಶುಕ್ರವಾರ ಪರಮಪ್ರಸಾದ ತರ್ತೀರಿ, ಐದು ನಿಮಿಷ. ಆಮೇಲೆ ತಿಂಗಳೆಲ್ಲ ಯಾರೂ ಬರಲ್ಲ." ಇಷ್ಟು ಹೇಳಿ ಹೋದರು.

ಸಹೋದರ ಸಹೋದರಿಯರೇ, ಆ ರಾತ್ರಿ ನಾವು ಊಟ ಮಾಡಲಿಲ್ಲ. ಇಕ್ಕಳ ನಮ್ಮ ಬೆರಳಿಗೇ ಬಿದ್ದಿತ್ತು. ಮೊದಲು ನಮಗೆ ಬಂದ ಆಲೋಚನೆ, ನಾವು ತಪ್ಪು ಮಾಡಿದೆವು, ಒಂದು ನಾಯಿಗಾಗಿ ಇಷ್ಟು ಹೊತ್ತು ಕಳೆಯಬಾರದಿತ್ತು ಎಂದು. ನಿಮ್ಮಲ್ಲೂ ಕೆಲವರು ಹಾಗೆ ಹೇಳಿದ್ದಿರಿ. ಆದರೆ ಇಂದಿನ ಶುಭಸಂದೇಶವನ್ನು ಮತ್ತೆ ಓದಿದಾಗ ಬೇರೆಯೇ ಬೆಳಕು ಕಂಡಿತು.

ಪ್ರಾರ್ಥನಾ ಮಂದಿರದಲ್ಲಿ ಒಬ್ಬ ಸ್ತ್ರೀ. ಹದಿನೆಂಟು ವರ್ಷದಿಂದ ಬೆನ್ನು ಬಾಗಿ ನೆಟ್ಟಗೆ ನಿಲ್ಲಲಾರಳು. ಹದಿನೆಂಟು ವರ್ಷ ಅವಳು ಕಂಡದ್ದು ನೆಲ ಮತ್ತು ಜನರ ಪಾದಗಳನ್ನು ಮಾತ್ರ. ಯೇಸುಸ್ವಾಮಿಯವರು ಅವಳನ್ನು ಕಂಡು, ಹತ್ತಿರ ಕರೆದು, ಮೇಲೆ ಕೈಯಿಟ್ಟರು. ಅವಳು ನೆಟ್ಟಗಾಗಿ ದೇವರನ್ನು ಕೊಂಡಾಡಿದಳು. ಸಬ್ಬತ್ ದಿನ ಹೀಗೆ ಮಾಡಬಹುದೇ ಎಂದು ಮಂದಿರದ ಅಧಿಕಾರಿಗೆ ಸಿಟ್ಟು ಬಂದಿತು. ಯೇಸುಸ್ವಾಮಿಯವರು ಅವರಿಗೆ ಕೇಳಿದ್ದು ಏನು? ನಿಮ್ಮ ಎತ್ತನ್ನೋ ಕತ್ತೆಯನ್ನೋ ನೀವು ಸಬ್ಬತ್ ದಿನವೂ ಬಿಚ್ಚಿ ನೀರಿಗೆ ಕೊಂಡೊಯ್ಯುತ್ತೀರಿ, ಹಾಗಾದರೆ ಅಬ್ರಹಾಮನ ಈ ಮಗಳನ್ನು ಕಟ್ಟಿನಿಂದ ಬಿಚ್ಚುವುದು ಬೇಡವೇ ಎಂಬುದೇ ಅವರ ಪ್ರಶ್ನೆಯ ಸಾರ.

ಎತ್ತಿಗೆ ನೀರು ಕೊಡಬೇಡಿ ಎಂದು ಅವರು ಹೇಳಲಿಲ್ಲ. ಎತ್ತಿಗೆ ತೋರಿಸುವ ದಯೆ ಸರಿಯಾದದ್ದು ಎಂಬುದನ್ನೇ ಆಧಾರ ಮಾಡಿಕೊಂಡರು. ಸಣ್ಣ ದಯೆಯಿಂದ ದೊಡ್ಡ ದಯೆಗೆ ಮೆಟ್ಟಿಲು ಹಾಕಿದರು. ಆ ತಾಯಿ ಗೇಟಿನ ಬಳಿ ಹೇಳಿದ್ದೂ ಅದೇ ಅಲ್ಲವೇ? ನಾಯಿಯನ್ನು ಬಿಡಿ ಎಂದು ಅವರು ಹೇಳಲಿಲ್ಲ. ಜಿಮ್ಮಿ ನಿಂತದ್ದು ಅವರಿಗೂ ಸಂತೋಷವೇ. ನೀವು ಮೊದಲ ಮೆಟ್ಟಿಲಲ್ಲೇ ನಿಂತುಬಿಟ್ಟಿರಿ ಎಂದರು, ಅಷ್ಟೆ.

ನಮ್ಮ ಧರ್ಮಸಭೆಯ ಬೋಧನೆಯೂ ಇದೇ ತೂಕದ್ದು. 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ, 2415ರಿಂದ 2418ರವರೆಗಿನ ವಿಭಾಗಗಳಲ್ಲಿ, ಪ್ರಾಣಿಗಳು ದೇವರ ಸೃಷ್ಟಿ, ಅವುಗಳಿಗೆ ನಾವು ದಯೆಯ ಋಣಿಗಳು, ಕಾರಣವಿಲ್ಲದೆ ಅವುಗಳನ್ನು ನೋಯಿಸುವುದು ಮಾನವ ಘನತೆಗೇ ವಿರುದ್ಧ ಎಂದು ಬೋಧಿಸುತ್ತದೆ. ಅದೇ ಉಸಿರಿನಲ್ಲಿ, ಮನುಷ್ಯರ ಸಂಕಟಕ್ಕೆ ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯುವುದೂ ತರವಲ್ಲ ಎನ್ನುತ್ತದೆ. ಎರಡನ್ನೂ ಹಿಡಿಯಬೇಕು. ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟವರು ಅರ್ಧ ಕಥೋಲಿಕರು. ಜಗದ್ಗುರು ಫ್ರಾನ್ಸಿಸ್‌ರವರು 2015ರಲ್ಲಿ ಬರೆದ 'ಲೌದಾತೋ ಸಿ' ವಿಶ್ವಪತ್ರವೂ ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಬೇರ್ಪಡಿಸದೆ ಕೇಳಿಸಿಕೊಳ್ಳಲು ಕಲಿಸಿತು. ನಮ್ಮ ನಗರವೂ ಇದನ್ನು ತನ್ನದೇ ರೀತಿಯಲ್ಲಿ ಬಲ್ಲದು. ಚಾಮುಂಡಿ ಬೆಟ್ಟದ ತಪ್ಪಲಿನ ಪಿಂಜರಾಪೋಲ್‌ನಲ್ಲಿ ಯಾರಿಗೂ ಬೇಡವಾದ ಮುದಿ ದನಗಳಿಗೆ ಇಂದಿಗೂ ಮೇವು ನೀರು ಸಿಗುತ್ತದೆ.

ಆ ವಾರವೇ ನಾವು ಯುವಜನರನ್ನು ಕೂರಿಸಿಕೊಂಡು ನಡೆದದ್ದನ್ನು ಹೇಳಿದೆವು. ಒಬ್ಬ ಹುಡುಗಿ ಎದ್ದು ಹೇಳಿದಳು: "ಫಾದರ್, ಜಿಮ್ಮಿಗೆ ಮಾಡೋದನ್ನೆಲ್ಲ ಕಲಿತಿದ್ದೀವಲ್ಲ, ಅಲ್ಲಿಗೂ ಹೋಗೋಣ." ನಾವು ಹೇಳಬೇಕಾದ ಪ್ರಬೋಧನೆಯನ್ನು ಅವಳು ಒಂದೇ ವಾಕ್ಯದಲ್ಲಿ ಮುಗಿಸಿದಳು. ಈಗ ದಿನವೂ ಸಂಜೆ ಇಬ್ಬರು ಆ ಮನೆಗೆ ಹೋಗುತ್ತಾರೆ. ಗಂಡುಹುಡುಗರು ಅವರನ್ನು ಮಗ್ಗುಲು ತಿರುಗಿಸಿ ಬೆನ್ನು ಒರೆಸುತ್ತಾರೆ, ಒಬ್ಬರು ದಿನಪತ್ರಿಕೆ ಓದುತ್ತಾರೆ. ಆ ಒಂದು ಗಂಟೆಯಲ್ಲಿ ತಾಯಿ ಅಂಗಡಿಗೆ ಹೋಗಿ ಬರುತ್ತಾರೆ. ಸಂತ ವಿನ್ಸೆಂಟ್ ಡಿ ಪಾಲ್ ಸಭೆಯವರು ಒಂದು ಏರ್ ಬೆಡ್ ಕೊಟ್ಟರು. ನಮ್ಮ ಧರ್ಮಕೇಂದ್ರದಲ್ಲಿ ಹಾಸಿಗೆ ಹಿಡಿದವರು ಎಷ್ಟು ಮಂದಿ ಎಂದು ಎಣಿಸಿದೆವು. ಹನ್ನೊಂದು. ಅಲ್ಲಿಯವರೆಗೆ ನಾವು ಎಣಿಸಿಯೇ ಇರಲಿಲ್ಲ.

ನಾವು ಸುಳ್ಳು ಸಮಾಧಾನ ಹೇಳಬಾರದು. ಜಿಮ್ಮಿ ಏಳನೆಯ ವಾರ ಅಂಗಳದಲ್ಲಿ ನಡೆಯಿತು. ಈಗಲೂ ಹಿಂಭಾಗ ಸ್ವಲ್ಪ ಓಲಾಡುತ್ತದೆ, ಕುಡಿದವನಂತೆ ನಡೆಯುತ್ತದೆಂದು ಮಕ್ಕಳು ನಗುತ್ತಾರೆ. ಆದರೆ ಆ ಮರಗೆಲಸದ ಅಣ್ಣನವರು ನಡೆಯಲಿಲ್ಲ. ನಡೆಯುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ. ನಾಯಿಗೆ ಸಿಕ್ಕದ್ದು ಮನುಷ್ಯನಿಗೇಕೆ ಸಿಗಲಿಲ್ಲ? ಈ ಪ್ರಶ್ನೆಗೆ ನಮ್ಮ ಬಳಿ ಸಿದ್ಧ ಉತ್ತರವಿಲ್ಲ. ಸಂತ ರೋಕರನ್ನೇ ನೋಡಿ. ಕಾಡಿನಲ್ಲಿ ಗುಣವಾದ ಅವರು ಹಿಂದಿರುಗಿದಾಗ ಗೂಢಚಾರನೆಂದು ಹಿಡಿದು ಸೆರೆಮನೆಗೆ ಹಾಕಿದರು. ಸ್ವಂತ ಬಂಧುಗಳೂ ಗುರುತಿಸಲಿಲ್ಲ, ಅವರೂ ತಾನಾರೆಂದು ಹೇಳಿಕೊಳ್ಳಲಿಲ್ಲ. ಅಲ್ಲೇ ಪ್ರಾಣ ಬಿಟ್ಟರೆಂದು ಪರಂಪರೆ ಹೇಳುತ್ತದೆ. ಸಾವಿರಾರು ಜನ ಆರೋಗ್ಯಕ್ಕಾಗಿ ಮೊರೆಯಿಡುವ ಸಂತರು ಸತ್ತದ್ದು ಯಾರೂ ಕೇಳದ ಒಂದು ಕತ್ತಲೆಯ ಮೂಲೆಯಲ್ಲಿ. ಗುಣವಾಗುವುದು ದೇವರ ಕೈಯಲ್ಲಿದೆ. ಒಬ್ಬರೇ ಬಿದ್ದಿರದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಕೆಲವು ಮಾತುಗಳನ್ನು ಸ್ಪಷ್ಟವಾಗಿ ಹೇಳಿ ಮುಗಿಸುತ್ತೇವೆ.

ಮೊದಲನೆಯದು, ಪ್ರಾಣಿ ಸಾಕಿದವರಿಗೆ. ಅಂದಕ್ಕೆ ಮನಸೋತು ತಳಿಯ ನಾಯಿ ತಂದು, ಕಾಲು ಬಿದ್ದ ದಿನ ರಾತ್ರಿ ವರ್ತುಲ ರಸ್ತೆಯಲ್ಲಿ ಬಿಟ್ಟು ಬರಬೇಡಿ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ, ದೇವರ ಮುಂದೆಯೂ ಅಪರಾಧ. ನಡೆಯದ ನಾಯಿ ಗಾಲಿಯ ಬಂಡಿಯ ಸಹಾಯದಿಂದ ಸುಖವಾಗಿ ಬದುಕಬಲ್ಲದು. ಏನು ಮಾಡಿದರೂ ನೋವು ತಗ್ಗದಾಗ, ವೈದ್ಯರ ಸಲಹೆಯಂತೆ ಅದನ್ನು ನೋವಿಲ್ಲದೆ ಕಳುಹಿಸಿಕೊಟ್ಟರೆ ಅದು ಪಾಪವಲ್ಲ. ಪಾಪಭಯದಿಂದ ನಮ್ಮ ಬಳಿ ಬಂದು ಅತ್ತವರಿದ್ದಾರೆ, ಅವರು ಸಮಾಧಾನ ತಂದುಕೊಳ್ಳಲಿ. ಆದರೆ ಮನುಷ್ಯ ಜೀವದ ವಿಷಯ ಬೇರೆ. ಅದು ದೇವರ ಸ್ವರೂಪದಲ್ಲಿ ಉಂಟಾದದ್ದು. ಹಾಸಿಗೆ ಹಿಡಿದವರನ್ನು "ಇನ್ನೇಕೆ ಇದ್ದಾರೋ" ಎಂದು ಮಾತಿನಲ್ಲೂ ಕೊಲ್ಲಬೇಡಿ.

ಎರಡನೆಯದು, ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುತ್ತಿರುವವರಿಗೆ. ನಿಮ್ಮ ಸೇವೆ ಮಗ್ಗುಲು ತಿರುಗಿಸುವುದು, ಒದ್ದೆ ಬಟ್ಟೆ ತೆಗೆಯುವುದು, ನಡುರಾತ್ರಿ ಎದ್ದೇಳುವುದು. ಇದನ್ನು ಯಾರೂ ಫೋಟೋ ತೆಗೆಯುವುದಿಲ್ಲ. ಪ್ರಭು ಕಾಣುತ್ತಾರೆ. ನಿಮಗೆ ದಣಿವಾದಾಗ ನಮ್ಮ ಗೇಟಿಗೆ ಬಂದು ಹೇಳಿ, ಆ ತಾಯಿ ಹೇಳಿದಂತೆಯೇ. ಅದು ದೂರಲ್ಲ, ನಮಗೆ ಉಪಕಾರ.

ಮೂರನೆಯದು, ಉಳಿದ ನಮಗೆಲ್ಲ. ಆ ಹನ್ನೊಂದು ಮನೆಗಳಲ್ಲಿ ಈಗ ಐದು ಮನೆಗಳಿಗೆ ಮಾತ್ರ ನಮ್ಮವರು ಹೋಗುತ್ತಿದ್ದಾರೆ. ಆರು ಮನೆಗಳು ಉಳಿದಿವೆ. ಪೂಜೆಯ ನಂತರ ಹಿಂಬಾಗಿಲ ಬಳಿ ಒಂದು ಪುಸ್ತಕ ಇಟ್ಟಿರುತ್ತೇವೆ. ವಾರದಲ್ಲಿ ಒಂದು ಗಂಟೆ ಕೊಡುವವರು ಹೆಸರು ಬರೆಯಿರಿ. ಸಂತ ರೋಕರಿಗೆ ಮೇಣದ ಬತ್ತಿ ಹಚ್ಚುವ ಮುನ್ನ ಆ ಪುಸ್ತಕದ ಬಳಿ ಒಂದು ನಿಮಿಷ ನಿಲ್ಲಿ.

ಇಂದಿನ ಮೊದಲ ವಾಚನದಲ್ಲಿ ಯುವಕ ತೊಬೀಯನು ದೂರ ಪ್ರಯಾಣ ಹೊರಟಾಗ ಜೊತೆಗೆ ದೇವದೂತ ರಫಾಯೇಲ, ಹಿಂದೆ ಒಂದು ನಾಯಿ. ಆ ನಾಯಿ ಏನು ಮಾಡಿತೆಂದು ಗ್ರಂಥ ಹೇಳುವುದಿಲ್ಲ. ಹನ್ನೊಂದನೆಯ ಅಧ್ಯಾಯದಲ್ಲಿ, ಕುರುಡ ತಂದೆಗೆ ಕಣ್ಣು ಕೊಡುವ ಔಷಧ ಹಿಡಿದು ಮಗ ಹಿಂದಿರುಗುವಾಗಲೂ ಅದು ಹಿಂದೆಯೇ ಇದೆ. ರಫಾಯೇಲ ಎಂದರೆ ದೇವರು ಗುಣಪಡಿಸುತ್ತಾರೆ ಎಂದರ್ಥ. ಗುಣಪಡಿಸುವ ದೇವರು ನಡೆಯುವ ದಾರಿಯಲ್ಲಿ ನಾಯಿಗೂ ಜಾಗವಿದೆ. ಆ ಹುಡುಗನ ಪ್ರಶ್ನೆಗೆ ಇದೇ ಉತ್ತರ.

ಈಗ ಮೊದಲ ಶುಕ್ರವಾರ ನಾವು ಪರಮಪ್ರಸಾದ ಹಿಡಿದು ಹಿಂದಿನ ಬೀದಿಗೆ ಹೋಗುವಾಗ ಜಿಮ್ಮಿಯೂ ಓಲಾಡುತ್ತ ಹಿಂದೆ ಬರುತ್ತದೆ. ಬೇಡವೆಂದರೂ ಬಿಡುವುದಿಲ್ಲ. ಒಳಗೆ ಪ್ರಾರ್ಥನೆ ಮುಗಿಯುವವರೆಗೆ ಹೊಸ್ತಿಲ ಬಳಿ ಮಲಗಿರುತ್ತದೆ. ಐದು ನಿಮಿಷಕ್ಕೆ ಏಳಲು ನಮಗೀಗ ನಾಚಿಕೆಯಾಗುತ್ತದೆ. ಅದು ಏಳುವವರೆಗೆ ನಾವೂ ಕುಳಿತಿರುತ್ತೇವೆ. ಆ ಅಣ್ಣನವರು ನಗುತ್ತ, "ಇದೇ ಅಲ್ವಾ ಸ್ವಾಮಿ, ನಿಮ್ಮನ್ನ ನಮ್ಮನೆಗೆ ಕರ್ಕೊಂಡ್ ಬಂದಿದ್ದು" ಎನ್ನುತ್ತಾರೆ. ಹೌದು, ಅದೇ.

ಪ್ರಾರ್ಥಿಸೋಣ. ಬಾಗಿದ ಬೆನ್ನನ್ನು ಕಂಡು ಕರೆದ ಪ್ರಭುವೇ, ನೋವು ತಿಳಿಯದಷ್ಟು ನಮ್ಮ ಹೃದಯ ಮರಗಟ್ಟದಿರಲಿ. ಮಾತು ಬಾರದ ಜೀವಗಳಿಗೆ ನಮ್ಮ ಕೈ ಮೃದುವಾಗಿರಲಿ. ಹಿಂದಿನ ಕೋಣೆಗಳಲ್ಲಿ ಮಲಗಿ ಬಾಗಿಲ ಸದ್ದಿಗಾಗಿ ಕಾಯುತ್ತಿರುವವರ ಬಳಿಗೆ, ಸಂತ ರೋಕರ ಮಧ್ಯಸ್ಥಿಕೆಯಿಂದ, ನಮ್ಮನ್ನು ಇಂದೇ ಕರೆದೊಯ್ಯಿರಿ. ಆಮೆನ್.